ನೀರಿಲ್ಲದ ಡಾಕ್

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಮಾವನ ಕಾಫಿ ಆರಿಹೋಯಿತು. ಅವರು ಹಡಗಿನ ಮಾದರಿ ಕಟ್ಟುವ ರೂಮಿನ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. “ಅಲ್ಲೇ ಇಡಮ್ಮ” ಅಂದರು. ತಿರುಗಿ ಕೂಡ ನೋಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ಜೊತೆ ಆಡಿದ ಮಾತೆಲ್ಲ ಇಷ್ಟೇ — ಅಲ್ಲೇ ಇಡಮ್ಮ, ಸಾಕಮ್ಮ, ಫ್ಯಾನ್ ಹಾಕಬೇಡಮ್ಮ. ಫ್ಯಾನ್ ಹಾಕಿದರೆ ಅವರ ನಾವಿಕರು ಹಾರಿಹೋಗುತ್ತಾರಂತೆ. ಒಬ್ಬೊಬ್ಬರೂ ಒಂದು ಅಕ್ಕಿಕಾಳಿನಷ್ಟು. ಸೋ ಕ್ಯೂಟ್, ಎತ್ತಿ ಮುದ್ದಾಡೋಣ ಅನಿಸುತ್ತೆ.

ಮಾವ ರಿಟೈರ್ ಆಗುವವರೆಗೂ ಹಲ್ಲಿನ ಸೆಟ್ ಮಾಡುತ್ತಿದ್ದರು. ಅರ್ಧ ಊರು ಅವರ ಹಲ್ಲಲ್ಲೇ ನಗುತ್ತೆ, ಅವರೊಬ್ಬರೇ ನಗಲ್ಲ — ಇದು ಹೀರೋ ಜೋಕು. (ಹೀರೋ ಅಂದರೆ ನನ್ನ ಗಂಡ. ಇಲ್ಲಿ ಯಾರೂ ಓದಲ್ಲ, ಹಾಗೇ ಬರೆಯುತ್ತೇನೆ.) ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲೇ ಹಡಗು ನಿಲ್ಲುವ ಡಾಕ್‌ನ ಗೋಡೆ, ಮೆಟ್ಟಿಲು. ಹಲ್ಲು ಕೊರೆಯುವ ಡ್ರಿಲ್ಲಿನಲ್ಲೇ ಯುದ್ಧನೌಕೆಯ ಪುಟಾಣಿ ಕಿಟಕಿಗಳು. ತೋಪುಗಳು, ಏಣಿಗಳು, ಕೂದಲಿನಂಥ ಹಗ್ಗಗಳು... ನೋಡುತ್ತಾ ನಿಂತರೆ ಒಲೆ ಮೇಲಿನ ಹಾಲು ಮರೆತುಹೋಗುತ್ತೆ. ಮರೆತೆ ಕೂಡ. ಅತ್ತೆ ಏನೂ ಅನ್ನಲಿಲ್ಲ.

ಈ ಮನೆಯಲ್ಲಿ ಯಾರೂ ಏನೂ ಅನ್ನಲ್ಲ.

ಮಾರ್ಚ್ 6

ಹೀರೋನನ್ನು ಕೇಳಿದೆ — ಹಡಗಿದೆ, ನೀರೇ ಇಲ್ವಲ್ಲ, ಪಾಪ? ಹಲ್ಲುಜ್ಜುತ್ತಿದ್ದ.

“ಅದು ಡ್ರೈ ಡಾಕ್ ಕಣೇ. ರಿಪೇರಿಗೆ ಹಡಗನ್ನ ಒಳಗೆ ತಂದು, ಗೇಟ್ ಮುಚ್ಚಿ, ನೀರೆಲ್ಲ ಪಂಪ್ ಮಾಡಿ ತೆಗೀತಾರೆ. ಕೆಲಸ ಮುಗಿದ ಮೇಲೆ ನೀರು ಬಿಟ್ಟು ಗೇಟ್ ತೆಗೆದರೆ, ಹಡಗು ಹೊರಟಿತು.”

ಉಗುಳಿದ. ನಲ್ಲಿ ನಿಲ್ಲಿಸಿದ. ಆಮೇಲೆ ಕನ್ನಡಿ ನೋಡಿಕೊಂಡೇ ಹೇಳಿದ —

“ಅಣ್ಣ ಇದೇ ಹಡಗಲ್ಲಿದ್ದ. ಮುಳುಗಿದ್ದು ಇದೇ.”

ಭಾವ ನೇವಿಯಲ್ಲಿದ್ದರು, ತೀರಿಕೊಂಡರು ಅಂತ ಮದುವೆಗೆ ಮುಂಚೆ ಗೊತ್ತಿತ್ತು. ಹಡಗು ಇದೇ ಅಂತ ಗೊತ್ತಿರಲಿಲ್ಲ. ಬಾಡಿ ಸಿಗಲಿಲ್ಲವಂತೆ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಟವೆಲ್ ಕೊಟ್ಟೆ. ಬೇರೇನು ಕೊಡಬೇಕೋ ತಿಳಿಯಲಿಲ್ಲ.

ಮಾರ್ಚ್ 9, ಸಂಜೆ

ಲೈಬ್ರರಿಯನ್ ಬಂದಿದ್ದರು. ತಮಾಷೆಯ ಮನುಷ್ಯ. ಅವರದ್ದೂ ಮಾವ ಮಾಡಿದ ಸೆಟ್ಟೇ, ಬಿಸ್ಕತ್ತು ನೆನೆಸಿ ನೆನೆಸಿ ತಿಂದರು. ಈ ಹಡಗಿಗೆ ಅಂತ ಲೈಬ್ರರಿಯ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿಟ್ಟಿದ್ದಾರಂತೆ.

“ಪೆಟ್ಟಿಗೆ ಕಾಯ್ತಾ ಇದೆ ಸ್ವಾಮಿ. ಅದರೊಳಗೆ ನಾನೇ ಹೋಗಿ ಕೂತ್ಕೊಳ್ಳೋದಾ ಇನ್ನು?”

“ಮುಗೀಲಿ, ನೋಡೋಣ” ಅಂದರು ಮಾವ.

ಅವರು ಹೋದ ಮೇಲೆ ಧೈರ್ಯ ಮಾಡಿದೆ. “ಇನ್ನೇನು ಬಾಕಿ ಇದೆ, ಮಾವ?”

ಮಾವ ಬ್ರಷ್ ಎತ್ತಿಕೊಂಡರು. ಕೈ ನಡುಗುತ್ತಿತ್ತು, ಕಣ್ಣಿಗೆ ಬೇರೆ ಪೊರೆ. ಒಂದೇ ಒಂದು ಗೆರೆ ಎಳೆಯಲು ಮೂರು ಸಲ ಉಸಿರು ಹಿಡಿದರು.

ರಾತ್ರಿ ಹೀರೋ ಅಂದ, “ಸಮುದ್ರ ಬಾಕಿ ಇರಬೇಕು. ನೀರಿನ ಹಾಗೆ ಕಂಡು ಗಟ್ಟಿಯಾಗುತ್ತಲ್ಲ, ಆ ರೆಸಿನ್ ಹೊಯ್ಯೋಕೆ ಅಪ್ಪನ ಕೈ ನಿಲ್ಲಲ್ಲ ಈಗ.”

ಹೌದಲ್ಲ. ಅಷ್ಟೇ ಬಾಕಿ.

ಮಾರ್ಚ್ 15

ಮಾವ ಕಣ್ಣಿನ ಆಪರೇಷನ್‌ಗೆ ಹೊರಟರು. ಹೀರೋ ಜೊತೆಗೆ. ಆಸ್ಪತ್ರೆ ದೂರ, ಹತ್ತಿರದಲ್ಲೇ ಮಾವನ ತಂಗಿಯ ಮನೆ ಇದೆ, ಎಂಟೊಂಬತ್ತು ದಿನ ಅಲ್ಲೇ. ಹೊರಡುವಾಗ ಮಾವ ರೂಮಿನ ಬಾಗಿಲು ಎಳೆದುಕೊಂಡರು, ಬೀಗ ಹಾಕಲಿಲ್ಲ. ನನ್ನ ಮೇಲೆ ನಂಬಿಕೆ!

ನಾನು ಗುಟ್ಟಾಗಿ ತರಿಸಿದ ರೆಸಿನ್ ಬಂದು ಮೂರು ದಿನವಾಯಿತು. ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೇನೆ. ಬಟ್ಟೆ ಬೀರು ತೆರೆದಾಗಲೆಲ್ಲ ನಗು ಬರುತ್ತೆ.

ಮಾರ್ಚ್ 16, ಮಧ್ಯಾಹ್ನ

ಹೊಯ್ದೆ. ತೆಳ್ಳಗೆ ಮೊದಲ ಪದರ. ಅತ್ತೆ ಮಲಗಿದ್ದರು. ಉಸಿರು ಬಿಟ್ಟರೂ ಗುಳ್ಳೆ ಏಳುತ್ತೇನೋ ಅಂತ ಭಯ. ಡಾಕ್‌ನ ಗೇಟ್ ಅಂಟಿನ ಚುಕ್ಕೆಯಲ್ಲಿ ನಿಂತಿತ್ತು, ನಾಜೂಕಾಗಿ ಬಿಡಿಸಿ ಬೆಂಕಿಪೊಟ್ಟಣದಲ್ಲಿಟ್ಟೆ. ಗೇಟಿನ ಆಚೆ ಬರೀ ಹಲಗೆ ಇತ್ತು, ಈಗ ಅಲ್ಲೂ ಸಮುದ್ರ. ಹಸಿರು ಬೆರೆತ ನೀಲಿ. ನನ್ನ ಎಂಗೇಜ್‌ಮೆಂಟ್ ಸೀರೆಯ ಬಣ್ಣವೇ.

ಇನ್ನೊಂದು ಮಾಡಿದೆ. ಎಲ್ಲ ನಾವಿಕರೂ ಡೆಕ್ ಮೇಲಿದ್ದಾರೆ, ಒಬ್ಬ ಮಾತ್ರ ದಡದ ಮೆಟ್ಟಿಲಲ್ಲಿ, ಪಕ್ಕದಲ್ಲಿ ಬ್ಯಾಗು. ಅಯ್ಯೋ, ಇವನನ್ನು ಬಿಟ್ಟು ಹೊರಟುಬಿಡುತ್ತಲ್ಲ ಅನಿಸಿತು. ಚಿಮಟದಲ್ಲಿ ಎತ್ತಿ ಹಡಗಿನ ಮುಂತುದಿಯಲ್ಲಿ ನಿಲ್ಲಿಸಿದೆ. ಒಂದೊಂದು ಕಾಲಿಗೂ ಒಂದೊಂದು ತೊಟ್ಟು ಅಂಟು.

ಮಾವ ನೋಡಿದಾಗ ಏನಂತಾರೆ... ಒಂದು ಪೂರ್ತಿ ವಾಕ್ಯವನ್ನಾದರೂ ಹೇಳಲೇಬೇಕು.

ಮಾರ್ಚ್ 17

ಕೊನೆಯ ಪದರ. ಹಡಗಿನ ಅಡಿಭಾಗದ ಕೆಂಪು ಬಣ್ಣ ಮುಚ್ಚುವವರೆಗೂ ನೀರು. ಕಲ್ಲಿನ ಹಾಗೆ ಗಟ್ಟಿ, ಆದರೂ ಒದ್ದೆ ಅನಿಸುತ್ತೆ. ನಾನೇ ಮಾಡಿದ್ದಾ ಇದು?

ಮಾರ್ಚ್ 18

ಕೈ ಹಿಡಿದು ಎಳೆದುಕೊಂಡು ಹೋಗಿ ಅತ್ತೆಗೆ ತೋರಿಸಿದೆ.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

“ಗೇಟ್ ಎಲ್ಲೇ?”

“ತೆಗೆದಿಟ್ಟಿದೀನಿ ಅತ್ತೆ. ಹಡಗು ಹೊರಡಬೇಕಲ್ಲ...”

ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ಹಡಗು ರಿಪೇರಿಗೆ ನಿಂತಾಗ ದೊಡ್ಡವನಿಗೆ ಉದ್ದದ ರಜೆ ಸಿಕ್ಕಿತ್ತು. ಮನೇಲೇ ಇದ್ದ. ಅಪ್ಪ ಮಗ ದಿನಾ ಹಡಗಿನ ವಿಷಯಕ್ಕೆ ಜಗಳ. ಕೆಲಸ ಬೇಗ ಮುಗೀಲಿ ಅಂತ ಇವನು, ಮುಗೀದೇ ಇರಲಿ ಅಂತ ಅವರು. ಮುಗೀತು. ನೀರು ಬಿಟ್ಟರು. ಹೋದ.”

ನಾನು ಗೋಡೆ ನೋಡುತ್ತಾ ನಿಂತೆ.

“ಇಷ್ಟು ವರ್ಷ ಒಂದು ತೊಟ್ಟು ನೀರು ಅದರ ಹತ್ತಿರ ಬಿಟ್ಟಿಲ್ಲ ಕಣಮ್ಮ ಅವರು. ನಿನ್ನ ಕಾಫಿ ಲೋಟ ಕೂಡ ಬಾಗಿಲಲ್ಲೇ ಇಡಿಸ್ತಿರಲಿಲ್ವಾ?”

ಮಾರ್ಚ್ 18, ಸಂಜೆ

ಚಾಕು ಹಾಕಿ ನೋಡಿದೆ. ಗೀಚು ಬಿತ್ತು, ಅಷ್ಟೇ. ಹೀರೋಗೆ ಫೋನ್ ಮಾಡಿದೆ.

“ಡ್ರಿಲ್ ಮುಟ್ಟಬೇಡ. ಹಡಗೇ ಕಿತ್ತು ಬರುತ್ತೆ. ಆ ರೂಮಿಗೆ ಕೈ ಹಾಕಬೇಡ ಅಂದಿದ್ನಲ್ಲೇ.”

ಅಂದಿರಲಿಲ್ಲ. ಅಂದಿದ್ದ ಅಂತಲೇ ಇಟ್ಟುಕೊಳ್ಳೋಣ. ಪಕ್ಕದಲ್ಲಿ ಮಾವನ ಧ್ವನಿ — ಯಾರದೋ ಫೋನು, ಸೊಸೆಯದಾ? ಊಟ ಮಾಡಿದಳಂತಾ?

ನನ್ನ ಬಗ್ಗೆ ಮೊದಲ ಸಲ ಕೇಳಿದ್ದು.

ಮೆಟ್ಟಿಲಲ್ಲಿ ನಿಂತಿದ್ದವನು ಯಾರು ಅಂತ ಆಗ ಹೊಳೆಯಿತು. ಓಡಿದೆ. ಡೆಕ್‌ನಿಂದ ಬಿಡಿಸಿ, ಮತ್ತೆ ಬ್ಯಾಗಿನ ಪಕ್ಕ ನಿಲ್ಲಿಸಿದೆ. ನಿಲ್ಲಲಿಲ್ಲ, ವಾಲುತ್ತಿದ್ದಾನೆ. ಡೆಕ್ ಮೇಲೆ ಅಂಟಿನ ಎರಡು ಚುಕ್ಕೆ ಉಳಿದಿವೆ.

ಮಾರ್ಚ್ 24

ಮಾವ ಬಂದರು. ಕರಿ ಕನ್ನಡಕ. ಇನ್ನೂ ಐದು ದಿನ ಬಗ್ಗಬಾರದು, ಸಣ್ಣ ಕೆಲಸ ಮಾಡಬಾರದು ಅಂತ ಡಾಕ್ಟರ್. ಸದ್ಯ, ರೂಮಿನ ಕಡೆ ಹೋಗಲಿಲ್ಲ. ಸೋಫಾದಲ್ಲಿ ಕೂತು, “ಈಗ ಎಲ್ಲ ಸ್ಪಷ್ಟ ಕಾಣುತ್ತಮ್ಮ. ನಿನ್ನ ಮುಖಾನ ಇವತ್ತೇ ಸರಿಯಾಗಿ ನೋಡಿದ್ದು” ಅಂದರು.

ಪೂರ್ತಿ ವಾಕ್ಯ. ಎರಡೆರಡು.

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನಲ್ಲಿ ಜೋರಾಗಿ ಬಿಟ್ಟುಕೊಂಡು.

ಮಾರ್ಚ್ 25

ಹೇಳಿಬಿಡು ಅಂತಾನೆ ಹೀರೋ. ಕಣ್ಣು ವಾಸಿಯಾಗಲಿ ಅಂತಾರೆ ಅತ್ತೆ. ನಾನು ಏನೂ ಅನ್ನಲ್ಲ. ಈ ಮನೆಯವಳಾದೆ.

ಮಾರ್ಚ್ 29, ಮಧ್ಯಾಹ್ನ

ಬೆಳಿಗ್ಗೆ ಕಾಫಿ ತಂದಾಗ ಸೋಫಾ ಖಾಲಿ. ರೂಮಿನ ಬಾಗಿಲು ತೆರೆದಿತ್ತು.

ಮಾವ ನಿಂತೇ ನೋಡುತ್ತಿದ್ದರು. ಬೆರಳು ನೀರಿನ ಮೇಲೆ. ಒದ್ದೆಯಾಯಿತಾ ಅಂತ ಬೆರಳು ತಿರುಗಿಸಿ ನೋಡಿಕೊಂಡರು.

“ನಾನು, ಮಾವ. ಸರ್‌ಪ್ರೈಸ್ ಅಂತ...”

“ಗೇಟ್?”

ಬೆಂಕಿಪೊಟ್ಟಣ ಕೊಟ್ಟೆ. ಗೇಟನ್ನು ಡಾಕ್‌ನ ಬಾಯಿಗೆ ಹಿಡಿದು ನೋಡಿದರು. ಗೇಟ್ ನಿಲ್ಲುವ ಜಾಗದಲ್ಲೆಲ್ಲ ಸಮುದ್ರ. ಎರಡು ಸಲ ಒತ್ತಿದರು. ಪೊಟ್ಟಣಕ್ಕೇ ವಾಪಸ್ ಹಾಕಿದರು. ಆಮೇಲೆ ಹೊಸ ಕಣ್ಣು ಡೆಕ್ ಮೇಲೆ ಹೋಯಿತು. ಆ ಎರಡು ಚುಕ್ಕೆ.

“ಇವನನ್ನ ಹತ್ತಿಸಿದ್ದೂ ನೀನೇನಾ?”

“ಹೂಂ. ಆಮೇಲೆ ಇಳಿಸಿದೆ, ಮಾವ.”

“ಇಳಿಸಿದೆ” ಅಂದರು. ನಗು ಬಂದಹಾಗಿತ್ತು, ಬರಲಿಲ್ಲ. ಚಿಮಟದಲ್ಲಿ ಮಗನನ್ನು ಎತ್ತಿಕೊಂಡರು. ಕೈ ಮೆಟ್ಟಿಲಿಗೂ ಹಡಗಿಗೂ ನಡುವೆ ಆಡಿತು. ಬೀಳುತ್ತಾನೆ ಅಂತ ನಾನು ಅಂಗೈ ಒಡ್ಡಿದೆ. ಅಂಗೈಯಲ್ಲೇ ಇಟ್ಟರು.

“ನನ್ನ ಕೈಲಿ ಆಗಲ್ಲ. ನೀನೇ ಇಡು.”

“ಎಲ್ಲಿ ಇಡಲಿ, ಮಾವ?”

ಕರಿ ಕನ್ನಡಕ ಹಾಕಿಕೊಂಡು ಹೊರಗೆ ಹೋದರು. ಬಾಗಿಲಲ್ಲಿದ್ದ ಕಾಫಿ ತಾವೇ ಎತ್ತಿಕೊಂಡರು.

ಈಗ ಇವನು ನನ್ನ ಮೇಜಿನ ಮೇಲೆ, ಈ ಪುಟದ ಪಕ್ಕ, ಉಂಗುರದ ಡಬ್ಬಿಯ ಮುಚ್ಚಳದಲ್ಲಿ. ಮುಖ ಕೂಡ ಬರೆದಿದ್ದಾರೆ ಮಾವ, ಭೂತಗನ್ನಡಿ ಹಿಡಿದರೆ ಹೀರೋ ತರಹವೇ ಮೂಗು. ಎಲ್ಲಿಡಲಿ ಅಂತ ನಾಳೆ ಇನ್ನೊಮ್ಮೆ ಕೇಳಬೇಕು. ಕೇಳಬಾರದು. ತಡೆಯಲಾಗದ ಸೆಕೆ, ಆದರೂ ಫ್ಯಾನ್ ಹಾಕಿಲ್ಲ. ಕಿಟಕಿಯನ್ನೂ ಮುಚ್ಚಿದೆ. ಯಾರಾದರೂ ಬಾಗಿಲು ತಳ್ಳಿದರೆ ಆ ಗಾಳಿಗೇ ಇವನು ಹಾರಿಹೋ—