ಮೌನದ ಹೊತ್ತಿಗೆ ಬಂದ ಹಿಂಡು

ಮೇ 19, ಸೋಮವಾರ

ಇವತ್ತೂ ಗಾಯಾಳು ಸೈನಿಕರಿಗೆ ನಾನು ಕತೆ ಓದುವ ತಾಸಿಗೆ ಬಂದವರು ಮೂವರೇ. ಅರ್ಧ ಕತೆಗೇ ಒಬ್ಬರಿಗೆ ನಿದ್ದೆ. ಒರೆಸ್ತ್ ಕೃತಕ ಕಾಲು ಬಿಚ್ಚಿ ಬೆಂಚಿನ ಮೇಲಿಟ್ಟು ಕೇಳಿದ: "ತಂಗಿ, ಈ ಕತೇಲಿ ಯಾರೂ ಊಟಾನೇ ಮಾಡಲ್ವಾ?" ಪುಟ ತಿರುವಿ ಹುಡುಕಿದೆ, ಒಂದು ತುತ್ತೂ ಸಿಗಲಿಲ್ಲ. ಮುಖ ಕೆಂಪಾಯಿತು. ಸಾಹಿತ್ಯದ ಪದವಿ ಇದ್ದೂ...

ಎಲ್ಲರೂ ಮಾಮ ಎನ್ನುವ ಯುಖಿಮ್ ಬರಲೇ ಇಲ್ಲ. ಈ ಸೆಕೆಯಲ್ಲೂ ಅವರ ಕಿಟಕಿ ಮುಚ್ಚಿದೆ, ಸಂದಿಗೆ ಟವೆಲ್ ತುರುಕಿದೆ. ಡಾಕ್ಟರ್ ಲಾರಿಸಾ ಕಾರಣ ಹೇಳಿದರು. ಸೈನ್ಯಕ್ಕೆ ಹೋಗುವ ಮೊದಲು ಮಾಮ ಜೇನು ಸಾಕುತ್ತಿದ್ದವರು. ಈಗ ಒಂದು ಜೇನುನೊಣ ಗುಂಯ್ ಎಂದರೂ ಅವರಿಗೆ ಡ್ರೋನ್ ಕೇಳಿಸುತ್ತದೆ. ಕಂದಕದಲ್ಲಿ ಜೊತೆಗಿದ್ದ ಹುಡುಗರು ಆ ಸದ್ದಿನ ಕೆಳಗೇ ಸತ್ತರಂತೆ. ಮನೆಗೆ ಹೋದರೆ ತೋಟದ ತುಂಬ ಜೇನುಪೆಟ್ಟಿಗೆ. ಅದಕ್ಕೇ ಇಲ್ಲಿ, ನಮ್ಮ ಆರೈಕೆ ಕೇಂದ್ರದಲ್ಲೇ ಉಳಿದಿದ್ದಾರೆ.

ಮೇ 22

ಮಾಮನ ಹೆಂಡತಿ ಸ್ಟೆಫಾ ಬಂದಿದ್ದರು. ಬಾಗಿಲು ತೆರೆದೇ ಇತ್ತು, ಕೇಳಿಸಿತು.

"ಪಕ್ಕದ್ಮನೆ ಹ್ನಾತ್ ಕೇಳ್ತಿದ್ದಾನೆ. ಮುಂದಿನ ವಾರ ಶನಿವಾರ ಗಾಡಿ ತರ್ತಾನಂತೆ. ಪೆಟ್ಟಿಗೆ ಎಲ್ಲಾ ಕೊಟ್ಬಿಡ್ಲಾ?"

"ಕೊಡು."

"ನಿಮ್ಮಪ್ಪ ಮಾಡಿದ್ದು ಕಣೋ ಅವು."

"ಕೊಡು ಅಂದ್ನಲ್ಲ. ಅವು ಹೋದ್ರೆ ಮನೆಗೆ ಬರ್ತೀನಿ."

ಹೊರಬಂದ ಸ್ಟೆಫಾ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡರು. "ಆಗ ಮನೆಗೆ ಬರೋದು ಯಾರು, ಮಗಳೇ? ಜೇನಿಲ್ಲದ ಯುಖಿಮ್ ಹೇಗಿರ್ತಾನೋ ನಾನು ನೋಡೇ ಇಲ್ಲ."

ಡಾಕ್ಟರನ್ನು ಕೇಳಿದೆ, ಏನು ಮಾಡಲಿ? "ಬುದ್ಧಿ ಹೇಳೋಕೆ ಹೋಗ್ಬೇಡ. ಬಾಗಿಲ ಹೊರಗೆ ಕೂತು ಓದು. ಅಷ್ಟೇ."

ಮೇ 26

ಓದಿದೆ. ಗಂಟಲು ಒಣಗಿ ನಿಲ್ಲಿಸಿದೆ. ಒಳಗಿಂದ ದನಿ: "ಮುಂದೆ? ಆ ಹುಡುಗಿ ಮದುವೆ ಆದ್ಲೋ ಇಲ್ವೋ?"

ಮೇ 29, ಗುರುವಾರ

ಪಕ್ಕೆ ಇನ್ನೂ ನೋಯುತ್ತಿದೆ. ನಕ್ಕು ನಕ್ಕು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಂದು ನಿಮಿಷದ ಮೌನ. ಯುದ್ಧದಲ್ಲಿ ಸತ್ತವರಿಗಾಗಿ ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಇದೊಂದಕ್ಕೆ ಮಾತ್ರ ಮಾಮ ಕೋಣೆ ಬಿಟ್ಟು ಬರುತ್ತಾರೆ. ಮೌನದ ನಡುವೆ ಗುಂಯ್... ದೂರದಲ್ಲಿ. ಆಮೇಲೆ ಹತ್ತಿರ.

"ಮಲ್ಕೊಳ್ರೋ!" ಒರೆಸ್ತ್ ಕೂಗಿದ. ಇಡೀ ಅಂಗಳ ನೆಲಕ್ಕೆ. ಅವನು ಗುಲಾಬಿ ಪೊದೆಯೊಳಕ್ಕೆ ಹಾರಿದ, ಡಾಕ್ಟರ್ ನನ್ನ ಮೇಲೆ ಬಿದ್ದರು. ಬಾಯಿ ತುಂಬ ಮಣ್ಣು.

ಏನೂ ಸಿಡಿಯಲಿಲ್ಲ. ಸದ್ದು ತಲೆಯ ಮೇಲೇ ಸುತ್ತುತ್ತಿತ್ತು. ಪಕ್ಕದಲ್ಲಿ ಮಾಮ, ಎರಡೂ ಕೈ ಕಿವಿಯ ಮೇಲೆ. ಒಂದು ಕೈ ಮೆಲ್ಲಗೆ ತೆಗೆದರು. ತಲೆ ವಾರೆ ಮಾಡಿ ಕೇಳಿದರು.

"ಡ್ರೋನಲ್ಲ."

ಯಾರೂ ಮಿಸುಕಲಿಲ್ಲ.

"ಡ್ರೋನಲ್ಲ ಕಣ್ರೋ, ಕತ್ತೆಗಳಾ! ಜೇನುಹಿಂಡು! ರಾಣಿ ಸವಾರಿ ಹೊರಟಿದ್ದಾಳೆ!"

ಎದ್ದರು. ಅಷ್ಟು ಜನರಲ್ಲಿ ನಿಂತಿದ್ದವರು ಅವರೊಬ್ಬರೇ.

ಪೊದೆಯೊಳಗಿಂದ ಒರೆಸ್ತ್: "ರಾಣಿಗೆ ಇಷ್ಟು ಅಡ್ಡಬಿದ್ರೆ ಸಾಕಾ, ಇನ್ನೂ ಮಲಗಿರ್ಬೇಕಾ?"

ಒಬ್ಬರು ಕಿಸಕ್ಕೆಂದರು. ಆಮೇಲೆ ಅಂಗಳವೆಲ್ಲ ಮಣ್ಣಲ್ಲಿ ಹೊರಳಾಡಿ ನಕ್ಕಿತು.

ಹಿಂಡು ಚೆರ್ರಿ ಕೊಂಬೆಗೆ ಗಡ್ಡದ ಹಾಗೆ ಇಳಿಬಿತ್ತು. ಮಾಮನ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಒಳಗೆ ಹೋಗೋದಿದ್ರೆ ಹೋಗಿ ಯುಖಿಮ್," ಎಂದರು ಡಾಕ್ಟರ್.

"ನಾನು ಹೋದ್ರೆ ಇವೂ ಎಲ್ಲಿಗೋ ಹೋಗ್ತಾವೆ. ರಟ್ಟಿನ ಡಬ್ಬ ತನ್ನಿ! ಮಗಳೇ, ನೀನೇ ಹಿಡಿ."

"ನಾನಾ?"

"ಹೊಟ್ಟೆ ತುಂಬ ಜೇನು ಕುಡಿದು ಹೊರಟಿರ್ತಾವೆ. ಮದುವೆ ಊಟ ಮುಗಿಸಿದ ನೆಂಟರ ಹಾಗೆ, ಜಗಳಕ್ಕೆ ಬರಲ್ಲ."

ಕೊಂಬೆಯನ್ನು ಒಮ್ಮೆ ಜೋರಾಗಿ ಜಾಡಿಸಿದರು. ಧೊಪ್! ತೋಳಿಗೆ ಭಾರ, ಬೆಚ್ಚಗಿನ ಭಾರ. ಮಾಮ ಡಬ್ಬಕ್ಕೆ ಕಿವಿಯಿಟ್ಟರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಡ್ರೋನಿಗೆ ಒಂದೇ ದನಿ, ಡಾಕ್ಟ್ರೇ. ಇಲ್ಲಿ ಕೇಳಿ... ಊರಿಗೆ ಊರೇ ಮಾತಾಡ್ತಿದೆ."

ಮೇ 30

ಬೆಳಿಗ್ಗೆ ಮಾಮನ ಕಿಟಕಿ ಮತ್ತೆ ಮುಚ್ಚಿತ್ತು. ರಾತ್ರಿ ಕಿರುಚಿಕೊಂಡು ಎದ್ದಿದ್ದರಂತೆ. "ಒಂದೇ ದಿನಕ್ಕೆ ವಾಸಿಯಾಗೋದು ಸಿನಿಮಾದಲ್ಲಿ," ಎಂದರು ಡಾಕ್ಟರ್.

ಮಧ್ಯಾಹ್ನ ತಾವೇ ಹೊರಬಂದರು. ಚೆರ್ರಿ ನೆರಳಲ್ಲಿಟ್ಟ ಡಬ್ಬದ ಪಕ್ಕ ಕೂತರು. ಸೂಪ್ ಅಲ್ಲಿಗೇ ತರಿಸಿಕೊಂಡರು. ಬಟ್ಟಲು ಕೊಡುತ್ತ ಕೇಳಿದರು: "ಡಾಕ್ಟ್ರ ಕಾರು ನಾಳೆ ಖಾಲಿ ಇದೆಯಾ? ಹ್ನಾತ್ ಬರೋಕೆ ಮುಂಚೆ ಊರು ಸೇರ್ಬೇಕು."

ಮೇ 31, ಶನಿವಾರ. ಸ್ಟೆಫಾ ಅವರ ಮೆಟ್ಟಿಲ ಮೇಲೆ

ಹ್ನಾತ್ ನಮಗಿಂತ ಮೊದಲೇ ಬಂದು ಗೇಟಿಗೆ ಗಾಡಿ ಅಡ್ಡ ನಿಲ್ಲಿಸಿದ್ದ. ಮಾಮ ಡಬ್ಬ ಅಪ್ಪಿಕೊಂಡೇ ಇಳಿದರು.

"ಗಾಡಿ ತೆಗಿ. ಪೆಟ್ಟಿಗೆ ಕೊಡಲ್ಲ."

"ಏನೋ ಇದು! ಖಾಲಿ ಗಾಡಿ ಹೊಡ್ಕೊಂಡು ಹೋಗ್ಲಾ? ನನ್ನ ಹೆಂಡ್ತಿ ನಗ್ತಾಳೆ."

"ಖಾಲಿ ಯಾಕೆ? ತಗೋ, ಹೊಸ ಹಿಂಡು. ರಾಣಿ ಒಳಗಿದ್ದಾಳೆ, ನೆಟ್ಟಗೆ ನೋಡ್ಕೋ. ನನ್ನವು ನನಗಿರ್ಲಿ."

ಹ್ನಾತ್ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಗಾಡಿಯ ಕಡೆ ನಡೆದ. ಸ್ಟೆಫಾ ಹಿಟ್ಟಿನ ಕೈಯಲ್ಲೇ ಓಡಿಬಂದರು. ಗಂಡನ ಅಂಗಿಯ ಬೆನ್ನ ಮೇಲೆ ಎರಡು ಬಿಳಿ ಅಂಗೈ ಗುರುತು.

ಮಾಮ ಈಗ ತೋಟದಲ್ಲಿದ್ದಾರೆ. ಒಬ್ಬರೇ ಹೋಗಬೇಕೆಂದರು. ಮೊದಲ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದಾರೆ. ಒಮ್ಮೆ ಕೈ ಹಿಂತೆಗೆದರು, ಮತ್ತೆ ಇಟ್ಟರು... ಎತ್ತಿದರು. ಎಂಥ ಸದ್ದು! ಹಿಂದೆ ಸರಿಯಲಿಲ್ಲ. ಬಾಗಿ ಅವಕ್ಕೆ ಏನೋ ಹೇಳುತ್ತಿದ್ದಾರೆ, ನಗುತ್ತಿದ್ದಾರೆ. ಈಗ ಇತ್ತ ಕೈ ಬೀಸಿ ನನ್ನನ್ನೂ ಕರೆ—