ಬ್ರಾಹ್ಮಿ ಉರ್ಫ್ ಜಿನಮತಿ

ಖಾನಾಪುರ
೧೮ ಫೆಬ್ರುವರಿ ೨೦೦೧, ರವಿವಾರ

ಪ್ರೀತಿಯ ಯಜಮಾನರಿಗೆ, ಜೈ ಜಿನೇಂದ್ರ.

ಹೇಗಿದ್ದೀರಿ? ಲೇತ್ ಯಂತ್ರದ ಮೇಲೆ ಬೆರಳು ಕೊಯ್ದುಕೊಂಡಿದ್ದಿರಲ್ಲ, ಆ ಗಾಯ ಪೂರ್ತಿ ಮಾಯಿತೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ‘ಏನಿಲ್ಲ, ಏನಿಲ್ಲ’ ಎನ್ನುತ್ತೀರಿ. ಇಲ್ಲಿ ಬೆಳಗಾವಿಯ ಆಟೋ ನಗರದ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗಲೂ ಹೀಗೆಯೇ, ಕೈಗೆ ಚಿಂದಿ ಸುತ್ತಿಕೊಂಡು ಬಂದು ‘ಏನಿಲ್ಲ’ ಎನ್ನುತ್ತಿದ್ದವರು. ಕೆನಡಾದಲ್ಲಿ ಹಿಮ ಇನ್ನೂ ನಿಂತಿಲ್ಲವಂತೆ. ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ. ನಾವಿಲ್ಲಿ ಕ್ಷೇಮ. ಅತ್ತೆಯವರ ಸೊಂಟ ಈಗ ಗಟ್ಟಿಯಾಗಿದೆ. ಬಸದಿಗೆ ಕೋಲು ಊರಿಕೊಂಡು ಹೋಗುತ್ತಾರೆ, ಹಾಲಿನವನ ಜೊತೆ ಜಗಳಕ್ಕೆ ಕೋಲಿಲ್ಲದೆಯೇ ಹೋಗುತ್ತಾರೆ. ನಿಮ್ಮ ತಂಗಿ ಮಾಲಾ ಮತ್ತು ಅವಳ ಗಂಡ ಯುಗಾದಿ ಹೊತ್ತಿಗೆ ಇಲ್ಲಿಗೇ ಬಂದು ನೆಲೆಸುತ್ತಾರೆ. ಆದ್ದರಿಂದ ನಾನು ಹೊರಟರೆ ಇವರ ಗತಿಯೇನೆಂಬ ಚಿಂತೆ ನಿಮಗೆ ಬೇಡ.

ಇನ್ನು ನಮ್ಮ ಅರ್ಜಿಯ ಸುದ್ದಿ. ಅತ್ತೆಯವರು ಬಿದ್ದರೆಂದು ಆರು ತಿಂಗಳಿಗೆ ಬಂದ ನಾನು ಮೂರು ವರ್ಷ ಉಳಿದೆ, ಕೆನಡಾದಲ್ಲಿದ್ದ ಕಾಯಂ ವಾಸದ ಹಕ್ಕು ಅಷ್ಟರಲ್ಲಿ ತಾನಾಗಿಯೇ ಕಳೆದುಹೋಯಿತು. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಹೋದ ವರ್ಷ ನೀವು ಅಲ್ಲಿಯ ನಾಗರಿಕರಾದಿರಿ, ಈಗ ನಾನು ನಾಗರಿಕರ ಹೆಂಡತಿ ಎಂದು ಮತ್ತೆ ಮೊದಲಿನಿಂದ ಕೇಳಿಕೊಳ್ಳಬೇಕು. ಕೇಳೋಣ, ಅದರಲ್ಲಿ ನಾಚಿಕೆ ಏನು? ಆದರೆ ಹತ್ತು ದಿನದ ಹಿಂದೆ ದಿಲ್ಲಿಯ ಕೆನಡಾ ವೀಸಾ ಕಚೇರಿಯಿಂದ ಒಂದು ಪತ್ರ ಬಂತು. ಓದಿ ಮೊದಲು ನಕ್ಕೆ, ಆಮೇಲೆ ಬೆವರಿದೆ. ಆರು ವರ್ಷದ ಹಿಂದೆ ನಿಮ್ಮ ಜೊತೆ ಕೆನಡಾಕ್ಕೆ ಬಂದಿಳಿದ ಹೆಂಡತಿಯ ಹೆಸರು ಜಿನಮತಿ. ಈಗ ನಾವು ಕಳಿಸಿದ ಮದುವೆ ನೋಂದಣಿ ಪತ್ರದಲ್ಲಿರುವ ಹೆಂಡತಿಯ ಹೆಸರು ಬ್ರಾಹ್ಮಿ. ಇವರಿಬ್ಬರು ಯಾರು, ಜಿನಮತಿ ಏನಾದಳು, ಅರವತ್ತು ದಿನದೊಳಗೆ ಪುರಾವೆ ಸಮೇತ ತಿಳಿಸಿ, ಇಲ್ಲವಾದರೆ ಅರ್ಜಿ ತಿರಸ್ಕರಿಸುತ್ತೇವೆ ಎಂದಿದ್ದಾರೆ. ಯಂತ್ರ ಬಿಟ್ಟರೆ ಬೇರೆ ಏನನ್ನೂ ಕಣ್ಣೆತ್ತಿ ನೋಡದ ನಿಮಗೆ ಇಬ್ಬರು ಹೆಂಡಿರು, ನೋಡಿ!

ತಪ್ಪು ನನ್ನ ಅಣ್ಣ ವಿಪುಲನದು, ಆದರೆ ಅವನನ್ನು ಬೈಯಬೇಡಿ. ನಮ್ಮ ಮದುವೆಯನ್ನು ಆಗ ಯಾರೂ ನೋಂದಾಯಿಸಿರಲಿಲ್ಲ. ನವೆಂಬರಿನಲ್ಲಿ, ನೀವು ಸಹಿ ಹಾಕಿ ಕಳಿಸಿದ ಖಾಲಿ ಅರ್ಜಿ ಹಿಡಿದು ಖಾನಾಪುರದ ನೋಂದಣಿ ಕಚೇರಿಯಲ್ಲಿ ಆ ಕೆಲಸ ಮಾಡಿಸುವಾಗ ಅರ್ಜಿ ತುಂಬಿದವನು ಅವನು. ಹುಟ್ಟಿದಾಗಿನಿಂದ ನನ್ನನ್ನು ಬ್ರಾಹ್ಮಿ ಎಂದೇ ಕರೆದವನು, ಶಾಲೆಯ ಸರ್ಟಿಫಿಕೇಟೂ ಕೈಯಲ್ಲಿತ್ತು, ಹಾಗೇ ಬರೆದ. ಹಾಗೆ ನೋಡಿದರೆ ಅವನಿಗಿಂತ ದೊಡ್ಡ ತಪ್ಪು ನನ್ನದು. ತವರಿನವರ ನಡುವೆ ಕೂತಿದ್ದಕ್ಕೋ ಏನೋ, ಹುಡುಗಿಯಾಗಿದ್ದಾಗ ಮಾಡುತ್ತಿದ್ದ ಹಾಗೆ ಬ್ರಾಹ್ಮಿ ಎಂದೇ ಸಹಿ ಹಾಕಿಬಿಟ್ಟೆ. ಮನೆಗೆ ಬಂದ ಮೇಲೂ ಅದು ನನ್ನ ಗಮನಕ್ಕೆ ಬರಲಿಲ್ಲ.

ನಮ್ಮ ಮದುವೆಯ ದಿನ ನಿಮಗೆ ನೆನಪಿದೆಯೇ? ತಾಟಿನ ತುಂಬ ಅಕ್ಕಿ ಹರಡಿ, ಉಂಗುರದಿಂದ ನನ್ನ ಹೊಸ ಹೆಸರು ಬರೆಯಲು ಕೂಡಿಸಿದರು. ನೀವು ಇಷ್ಟುದ್ದ ಅಕ್ಷರ ತೆಗೆದು, ಕೊನೆಯ ‘ತಿ’ಗೆ ಜಾಗ ಸಾಲದೆ, ಕಾಳುಗಳನ್ನು ನೆಲಕ್ಕೆ ಚೆಲ್ಲಿದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಅಕ್ಕಿಯನ್ನೇ ಮರುದಿನ ಅನ್ನ ಮಾಡಿ ಉಂಡೆವು. ಹೆಸರು ಬದಲಿಸಲು ಅತ್ತೆಯವರು ಕೊಟ್ಟ ಕಾರಣವೂ ನ್ಯಾಯವಾಗಿಯೇ ಇತ್ತು. ನಿಮ್ಮ ತಂಗಿಯ ಹೆಸರೂ ಬ್ರಾಹ್ಮಿ, ಒಂದೇ ಮನೆಯಲ್ಲಿ ಇಬ್ಬರಾದರೆ ಯಾರನ್ನು ಕರೆದರೆ ಯಾರು ಓಗೊಡಬೇಕು? ಆದರೆ ಮರುವರ್ಷವೇ ಅವಳ ಮದುವೆಯಾಯಿತು, ಅವಳ ಗಂಡನ ಮನೆಯವರು ಅವಳನ್ನು ಮಾಲಾ ಮಾಡಿದರು. ಇಬ್ಬರು ಬ್ರಾಹ್ಮಿಯರು ಬೇಡವೆಂದ ಮನೆಯಲ್ಲಿ ಒಬ್ಬಳೂ ಉಳಿಯಲಿಲ್ಲ. ಇದನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ.

ದಿಲ್ಲಿಯ ಪತ್ರದ ಸಂಗತಿ ಹೇಳಿದಾಗ ನೀವು ಫೋನಿನಲ್ಲಿ, ‘ಎಲ್ಲಾ ಕಡೆ ಜಿನಮತಿ ಅಂತ ಮಾಡಿಸಿಬಿಡು, ಮುಗೀತದ’ ಎಂದಿರಿ. ಅವಸರದಲ್ಲಿ ಅಂದಿರಿ, ಬಲ್ಲೆ. ಆದರೂ ಮನಸ್ಸಿಗೆ ಸ್ವಲ್ಪ ನೋವಾಯಿತು. ಮೊನ್ನೆ ಶುಕ್ರವಾರ ಅತ್ತೆಯವರನ್ನು ಕರೆದುಕೊಂಡು ಬೆಳಗಾವಿಗೆ ಹೋದೆ. ಸದಾಶಿವನಗರದ ಅಣ್ಣನ ಮನೆಯಲ್ಲಿ ಊಟ ಮುಗಿಸಿ, ರವಿವಾರ ಪೇಟೆಯ ಬಾಳಾಸಾಹೇಬ ವಕೀಲರನ್ನು ಕಂಡೆವು. ಧೈರ್ಯದ ಮನುಷ್ಯ. ಕಾಗದ ನೋಡಿ, ‘ಇದೇನ ದೊಡ್ಡದಲ್ರೀ ಬಾಯಾರ, ನಮ್ಮ ಕಡೆ ಮನೀಗೊಂದ ಇಂಥ ಕೇಸ್ ಐತಿ’ ಎಂದರು. ಇಬ್ಬರೂ ಒಬ್ಬಳೇ ಎಂದು ಹೆಸರಿಟ್ಟ ಹಿರಿಯರು ಪ್ರಮಾಣ ಮಾಡಬೇಕು, ಗಂಡನೂ ಸಹಿ ಹಾಕಬೇಕು, ನಡುವೆ ‘ಉರ್ಫ್’ ಎಂದು ಹಾಕಿದರೆ ಆಯಿತು. ಆದರೆ ಉರ್ಫ್‌ನ ಮೊದಲು ಯಾವ ಹೆಸರು ಬರುತ್ತದೋ ಹೊಸ ಪಾಸ್‌ಪೋರ್ಟಿಗೂ ಮುಂದಿನ ಎಲ್ಲ ಕಾಗದಕ್ಕೂ ಅದೇ ಗಟ್ಟಿ, ಯೋಚಿಸಿ ಹೇಳಿ ಎಂದರು.

ಆಮೇಲೆ ಅವರು ಅತ್ತೆಯವರ ಕಡೆ ತಿರುಗಿ, ‘ಅವ್ವಾರ, ನಿಮ್ಮ ತವರಮನಿ ಹೆಸರೇನಿತ್ರೀ? ಅದನ್ನೂ ಬರದ್ರ ಈ ರಿವಾಜು ನಿಮ್ಮ ಮನ್ಯಾಗ ಮೊದಲಿಂದ ಐತಿ ಅಂತ ತಿಳೀತದ’ ಎಂದರು. ಅತ್ತೆಯವರಿಗೆ ತಮ್ಮ ಹೆಸರೇ ತಟ್ಟನೆ ನೆನಪಾಗಲಿಲ್ಲ. ಹಾಲಿನವನ ಹನಿ ಹನಿ ಲೆಕ್ಕ ಬಾಯಲ್ಲಿ ಇಟ್ಟುಕೊಂಡವರು ಇವರೇ. ‘ತಡೀರಿ, ತಡೀರಿ’ ಎಂದು ಸೆರಗಿನ ತುದಿ ತಿರುವುತ್ತ ಕುಳಿತರು. ಕೊನೆಗೆ ಮೆಲ್ಲಗೆ, ‘ಸುಗಂಧಾ. ನಮ್ಮಪ್ಪ ಸುಗಂಧಿ, ಸುಗಂಧಿ ಅಂತ ಕರೀತಿದ್ದ’ ಎಂದರು. ಒಂಬತ್ತು ವರ್ಷದಲ್ಲಿ ನಾನು ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ನಿಮಗೆ ಗೊತ್ತಿತ್ತೇ? ನಿಮ್ಮ ಅವ್ವನ ಹೆಸರು ಸುಗಂಧಾ ಎಂದು?

ಕತ್ತಲಾಗುವ ಮೊದಲು ಅವರ ಊಟ ಆಗಬೇಕಲ್ಲ, ನಾಲ್ಕರ ಬಸ್ಸಿಗೇ ಹೊರಟೆವು. ಮಚ್ಛೆ ಊರು ದಾಟಿದ ಮೇಲೆ ಅವರು ನನ್ನ ಕೈ ಹಿಡಿದು, ‘ನನ್ನ ಹೆಸರ ಹೋದಾಗ ಎಷ್ಟ ಅತ್ತಿದ್ದೆ ನನಗ ನೆನಪೈತಿ. ನೆನಪಿದ್ದೂ ನಿಂದ ಕಸಗೊಂಡ್ನೆವಾ. ನನಗೋಸ್ಕರ ಆ ದೇಶದ ಹಕ್ಕ ಕಳಕೊಂಡಿ, ಹೆಸರೂ ಯಾಕ ಕಳಕೋತಿ? ಹೋಗೂ ಮುಂದ ನಿನ್ನ ಹೆಸರ ತಗೊಂಡ ಹೋಗ’ ಎಂದರು. ಬಸ್ಸು ತುಂಬ ಜನ ಇದ್ದರು, ನಾನು ಅಳುವುದನ್ನು ತಡೆಯಲಿಲ್ಲ. ಅವರೂ ತಡೆಯಲಿಲ್ಲ.

ಒಟ್ಟಿನಲ್ಲಿ ಅರ್ಜಿಯ ಬಗ್ಗೆ ನನಗೆ ಭಯವಿಲ್ಲ. ಸುಳ್ಳು ಹೇಳುವವರಿಗೆ ಭಯ ಇರಬೇಕು, ನಮಗೇಕೆ? ನಿಮ್ಮ ಜೊತೆ ಕೂತು ಉಣ್ಣಬೇಕೆಂಬ ಆಸೆ ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬರೀ ಬ್ರೆಡ್ಡಿನ ಮೇಲೆ ದಿನ ತಳ್ಳಬೇಡಿ. ಅತ್ತೆಯವರ ಆಶೀರ್ವಾದ, ವಿಪುಲಣ್ಣನ ನಮಸ್ಕಾರ.

ಇಂತು ನಿಮ್ಮ ದಾರಿ ನೋಡುವ
ಮನೆಯವಳು

ತಾ.ಕ.: ಸೋಮವಾರ, ಬೆಳಗಾವಿ. ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಈಗಷ್ಟೇ ಅತ್ತೆಯವರ ಜೊತೆ ವಕೀಲರ ಬಳಿ ಹೋಗಿ ‘ಬ್ರಾಹ್ಮಿ ಉರ್ಫ್ ಜಿನಮತಿ’ ಎಂದು ಟೈಪ್ ಮಾಡಿಸಿಬಂದೆ. ಅತ್ತೆಯವರ ಸಹಿ ಬಿದ್ದ ಕಾಗದ ಇದರೊಳಗಿದೆ. ನಿಮ್ಮ ಸಹಿ ಬಿದ್ದು ಏಪ್ರಿಲ್ ಮೊದಲ ವಾರದೊಳಗೆ ದಿಲ್ಲಿಗೆ ಮುಟ್ಟದಿದ್ದರೆ ಅರ್ಜಿ ಹೋದಂತೆಯೇ. ಹೆಸರು ಹಿಂದೆ ಮುಂದೆ ಮಾಡಿದ ಇನ್ನೊಂದು ಪ್ರತಿಯನ್ನು ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಸಹಿ ಹಾಕಿದ ದಿನ ಫೋನ್ ಮಾಡಿ. ಆದರೆ ಹುಷಾರು, ಫೋನ್ ಎತ್ತುವವರು ನಿಮ್ಮ ಅವ್ವ. ಜಿನಮತಿಯನ್ನು ಕರಿ ಎಂದರೆ, ‘ಆ ಹೆಸರಿನಾಕಿ ಈ ಮನ್ಯಾಗ ಇಲ್ಲಪಾ, ನಿನಗ್ಯಾರ ಬೇಕು ಸರಿಯಾಗಿ ಹೇಳು’ ಎನ್ನುತ್ತಾರಂತೆ.