ಆರು ಬೆಡ್‌ಶೀಟುಗಳು

ಭಾನುವಾರ, ಊಟವಾದ ಮೇಲೆ

ದೊಡ್ಡವಳೇ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ನಿನ್ನ ತಮ್ಮನಿಗೆ ಆಸ್ಪತ್ರೆಯ ಕೆಲಸ ಖಾಯಂ ಆಯಿತು ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅಮ್ಮನಿಗೆ ಸಂತೋಷದಲ್ಲಿ ಮಾತು ಹೊರಡಲಿಲ್ಲ ಎಂದು ನೀನು ತಿಳಿದಿರಬೇಕು. ಮಾತು ಹೊರಡದ ಜಾತಿ ನಾನಲ್ಲ, ನಿನಗೆ ಗೊತ್ತು. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ನಡುವೆ ನೀನು ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕೆಟ್ಟ ಅಭ್ಯಾಸವಿಲ್ಲ.

ಅಂಗವಿಕಲರಿಗೆ ಕೆಲಸ ಹುಡುಕಿಕೊಡುವವರಿಗೆಂದೇ ಇಲ್ಲಿ ಆರು ತಿಂಗಳ ತರಬೇತಿ ನಡೆಯುತ್ತಿದೆ. ಕಲಿಯುವವರು ಹನ್ನೊಂದು ಜನ, ಕಲಿಸುವವರು ಒಬ್ಬ ವಯಸ್ಸಾದ ಮೇಷ್ಟ್ರು. ಕೊನೆಯ ಎರಡು ತಿಂಗಳು ಒಬ್ಬೊಬ್ಬರಿಗೆ ಒಬ್ಬೊಬ್ಬ ಮನುಷ್ಯನನ್ನು ಒಪ್ಪಿಸುತ್ತಾರೆ. ಅವನಿಗೆ ಹೊಂದುವ ಕೆಲಸ ಹುಡುಕಬೇಕು, ಆ ಕೆಲಸವನ್ನು ಮೊದಲು ತಾವೇ ಮಾಡಿ ನೋಡಬೇಕು, ಅವನ ಪಕ್ಕದಲ್ಲಿ ನಿಂತು ಕಲಿಸಬೇಕು. ಆಮೇಲೆ ಸ್ವಲ್ಪಸ್ವಲ್ಪವೇ ದೂರ ಸರಿಯಬೇಕು. ಮೊದಲು ಒಂದು ಮೊಳ, ಆಮೇಲೆ ಬಾಗಿಲು, ಆಮೇಲೆ ವರಾಂಡ. ಹಾಗೆ ಸರಿಯುವುದೇ ಅವರ ಪರೀಕ್ಷೆ.

ನಮ್ಮ ಚಿಕ್ಕವನು ಒಬ್ಬ ಕನ್ನಡಕದ ಹುಡುಗಿಯ ಪಾಲಿಗೆ ಬಂದ. ಕಲಿಸಿದವಳೇ ಜಾಗ ಖಾಲಿ ಮಾಡುವುದು ಎಂಥ ಪರೀಕ್ಷೆ ಎಂದು ಮುಖಕ್ಕೇ ಕೇಳಿದೆ. "ಅಮ್ಮಾ, ನಾನು ಪಕ್ಕದಲ್ಲಿದ್ರೆ ಮಾತ್ರ ಇವ್ರು ಕೆಲ್ಸ ಮಾಡೋದಾದ್ರೆ ಆ ಕೆಲ್ಸ ಸಿಕ್ಕಿದ್ದು ನಂಗೆ, ಇವ್ರಿಗಲ್ಲ" ಅಂದಳು. ಬಾಯಿ ಜೋರು ಎಂದುಕೊಂಡೆ.

ಅವಳು ಹುಡುಕಿದ್ದು ಆಸ್ಪತ್ರೆಯ ಬಟ್ಟೆ ಕೋಣೆಯನ್ನು. ಒಗೆದು ಒಣಗಿಸಿದ ಬೆಡ್‌ಶೀಟುಗಳು ರಾಶಿಯಾಗಿ ಬಂದು ಬೀಳುತ್ತವೆ. ಮಡಚಿ, ವಾರ್ಡಿಗೆ ಹೋಗುವ ಟ್ರಾಲಿಯಲ್ಲಿ ಜೋಡಿಸಬೇಕು. ಮಡಿಕೆ ಸೊಟ್ಟಗಾದರೆ ಟ್ರಾಲಿಯಲ್ಲಿ ಕೂರುವುದಿಲ್ಲ. ಒಂದು ಬೆಡ್‌ಶೀಟ್ ಮಡಚುವುದನ್ನು ಅವಳು ಹದಿನಾಲ್ಕು ಹಂತ ಮಾಡಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ನಲವತ್ತು ವರ್ಷದಿಂದ ಮಡಚುತ್ತಿದ್ದೇನೆ, ನನಗೆ ಒಂದು ಹಂತವೂ ಕಂಡಿರಲಿಲ್ಲ. ಚಿಕ್ಕವನಿಗೆ ಎಡಗೈಯಲ್ಲಿ ಹಿಡಿತವಿಲ್ಲ, ಹೇಳಿದ್ದು ತಲೆಗೆ ಹೋಗುವುದು ನಿಧಾನ, ಇವನಿಗೆ ಹದಿನಾಲ್ಕು ಹಂತ ಯಾವ ಕಾಲಕ್ಕೆ ಬರಬೇಕು ಎಂದೆ. ಅವಳು ಪುಸ್ತಕ ಮುಚ್ಚಿದಳು. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ಆಸ್ಪತ್ರೆಯವರು ತೆಗೆದುಹಾಕಿದ ಆರು ಹಳೆಯ ಬೆಡ್‌ಶೀಟುಗಳನ್ನು ಚೀಲದಲ್ಲಿ ಹಾಕಿ ಕೊಟ್ಟಳು. ಶನಿವಾರ ಒಯ್ಯುವುದು, ಸೋಮವಾರ ಮಡಚಿ ತರುವುದು.

ಇನ್ನು ಮುಂದಿನದನ್ನು ನಿಧಾನವಾಗಿ ಓದು. ಮೊದಲ ಸೋಮವಾರ ಅವನು ಸ್ನಾನಕ್ಕೆ ಹೋದಾಗ ಚೀಲ ತೆಗೆದು ನೋಡಿದೆ. ನಾಯಿ ಎಳೆದಾಡಿದ ಹಾಗಿತ್ತು. ನಮ್ಮ ಮನೆಯಿಂದ ಇಂಥ ಬಟ್ಟೆ ಹೊರಗೆ ಹೋಗುವುದೇ ಎಂದು ಆರನ್ನೂ ಬಿಚ್ಚಿ ನಾನೇ ಮಡಚಿಟ್ಟೆ. ಅದೊಂದು ಸಲ ಮಾತ್ರ.

ಸುಳ್ಳು ಬರೆದೆ. ನಾಲ್ಕು ಸೋಮವಾರವೂ ಮಡಚಿಟ್ಟೆ.

ಅವಳು ನನ್ನ ಮಡಿಕೆ ನೋಡಿ ಅವನಿಗೆ ಬಂದಿದೆ ಎಂದುಕೊಂಡಳು. ಬಟ್ಟೆ ಕೋಣೆಯಲ್ಲಿ ಅವಳು ಪಕ್ಕದಲ್ಲಿ ನಿಂತು ಒಂದು ತುದಿ ಹಿಡಿದುಕೊಳ್ಳುತ್ತಿದ್ದರಿಂದ ಅಲ್ಲಿಯೂ ಗುಟ್ಟು ಬಯಲಾಗಲಿಲ್ಲ. ಪುಸ್ತಕದಲ್ಲಿ ಹದಿನಾಲ್ಕಕ್ಕೂ ಗುರುತು ಹಾಕಿ, ಕಳೆದ ಮಂಗಳವಾರ ವರಾಂಡಕ್ಕೆ ಸರಿದಳು. ಆ ದಿನ ಚಿಕ್ಕವನು ಒಬ್ಬನೇ ಮಡಚಿದ್ದರಲ್ಲಿ ಅರ್ಧ ಟ್ರಾಲಿಯಿಂದ ಜಾರಿ ನೆಲಕ್ಕೆ ಬಿತ್ತು. ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ಆದರೆ ಅವನ ಕೈಕೆಳಗೆ ಇರುವುದು ಒಂದೇ ಖಾಲಿ ಜಾಗ. "ಗುರುವಾರದವರೆಗೂ ನೋಡ್ತೀನಿ ಮೇಡಂ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಕೋತೀನಿ, ಬೇಜಾರು ಮಾಡ್ಕೋಬೇಡಿ" ಅಂದನಂತೆ.

ಸಂಜೆ ಹುಡುಗಿ ಮನೆಗೆ ಬಂದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಬೇಗ ಸರಿದುಬಿಟ್ಟೆ, ಎಲ್ಲಿ ತಪ್ಪಿದೆ ಅಂತಲೇ ತಿಳಿಯುತ್ತಿಲ್ಲ ಎಂದು ಪುಸ್ತಕ ತಿರುವಿದಳು. ಚಿಕ್ಕವನನ್ನು ಕೇಳಿದಳು, "ಮನೇಲಿ ಅಷ್ಟು ಚೆನ್ನಾಗಿ ಮಡಚ್ತಿದ್ರಲ್ಲ, ಅಲ್ಲಿ ಏನಾಯ್ತು?" ಅವನು ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಚಹಾ ಕೊಟ್ಟು ಕಳಿಸಿದೆ.

ಅವಳು ಹೋದ ಮೇಲೆ, ನಾನು ಮಡಚುತ್ತಿದ್ದದ್ದು ನಿನಗೆ ಗೊತ್ತಿತ್ತೇನೋ ಎಂದು ಕೇಳಿದೆ. ಗೊತ್ತಿತ್ತು ಅಂದ. ಮತ್ತೆ ಹೇಳಲಿಲ್ಲ ಯಾಕೆ ಎಂದರೆ, "ಮೇಡಂ ನಿನ್ನ ಬೈತಾರಲ್ಲಮ್ಮಾ" ಅಂದ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಇವನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ನೋಡು.

ಬುಧವಾರ ಬೆಳಿಗ್ಗೆ ಅವರ ತರಗತಿಗೇ ಹೋದೆ. ಹೈಸ್ಕೂಲಿನಲ್ಲಿ ಒಂದು ದಿನವೂ ಬೆಂಚಿನ ಮೇಲೆ ನಿಂತವಳಲ್ಲ ನಾನು. ಅಲ್ಲಿ ಹನ್ನೊಂದು ಜನ ನನ್ನ ಮಕ್ಕಳಿಗಿಂತ ಚಿಕ್ಕವರ ಮುಂದೆ ನಿಂತು, ಆರು ಬೆಡ್‌ಶೀಟು, ನಾಲ್ಕು ಸೋಮವಾರ, ಎಲ್ಲ ಹೇಳಿದೆ. ಮೇಷ್ಟ್ರು ಬೈಯಲಿಲ್ಲ. ಹುಡುಗರ ಕಡೆ ತಿರುಗಿ, "ಇಷ್ಟು ವರ್ಷ ಪಾಠ ಮಾಡಿದೀನಿ, ಇದು ನನ್ನ ಪಾಠದಲ್ಲಿರ್ಲಿಲ್ಲ. ಬರ್ಕೊಳ್ಳಿ" ಅಂದರು. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ನನ್ನ ತಪ್ಪು ಈಗ ಹನ್ನೊಂದು ನೋಟ್‌ಬುಕ್ಕಿನಲ್ಲಿದೆ.

ಹುಡುಗಿ ಸಿಡಿಯುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಅವಳು ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. "ಅಯ್ಯೋ ಅಮ್ಮಾ, ನಂಗೆ ಕಲಿಸೋಕೇ ಬರಲ್ಲ ಅಂತ ನಿನ್ನೆಯಿಂದ ಅನ್ನ ಇಳಿದಿಲ್ಲ" ಅಂದಳು. ಆಮೇಲೆ, ನಿಮ್ಮ ಮಗ ಮಡಚುವಾಗ ಎಲ್ಲಿ ತಪ್ಪುತ್ತಾರೆ ಹೇಳಿ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವನು ಮಡಚಿದ್ದನ್ನು ನಾಲ್ಕು ವಾರ ಬಿಚ್ಚಿದ್ದೇನೆ ಹೊರತು, ಮಡಚುವುದನ್ನು ಒಮ್ಮೆಯೂ ನೋಡಿಲ್ಲ.

ಆ ಸಂಜೆ ಅದೇ ಆರು ಬೆಡ್‌ಶೀಟು ತಂದು, ನಮ್ಮ ಊಟದ ಮೇಜಿನ ಮೇಲೆ ಅವನಿಂದ ಮಡಚಿಸಿದಳು. ನನ್ನನ್ನು ಎದುರಿಗೆ ಕೂರಿಸಿ, "ಎರಡೂ ಕೈ ತೊಡೆ ಕೆಳಗಿಟ್ಕೊಳ್ಳಿ" ಅಂದಳು. ನನ್ನ ಮನೆಯಲ್ಲಿ ನನಗೆ ಯಾರೂ ಹೀಗೆ ಹೇಳಿದವರಿಲ್ಲ. ಇಟ್ಟುಕೊಂಡೆ. ಮೂರು ಹಂತ ಸರಿಯಾಗಿ ಬಂತು. ನಾಲ್ಕನೆಯದರಲ್ಲಿ, ಆಚೆಯ ತುದಿಯನ್ನು ಬಲಗೈಯಿಂದ ಎಳೆದುಕೊಳ್ಳುವಾಗ ಎಡಗೈಯಲ್ಲಿದ್ದ ತುದಿ ಜಾರಿತು. ಮತ್ತೆ ಜಾರಿತು. ನನ್ನ ಕೈ ತೊಡೆಯ ಕೆಳಗೆ ಮೀನಿನ ಹಾಗೆ ಒದ್ದಾಡುತ್ತಿತ್ತು. ಮೂರನೆಯ ಸಲ ಅವನು ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತಿ ಬಟ್ಟೆಯನ್ನು ಹಿಡಿಯಲು ಹೋದವನು, ನನ್ನನ್ನು ನೋಡಿ ಥಟ್ಟನೆ ಹಿಂದೆ ಸರಿದ.

ಯಾಕೆ ಬಿಟ್ಟಿರಿ ಎಂದು ಹುಡುಗಿ ಕೇಳಿದಳು. "ಅಮ್ಮ ಬೈತಾಳೆ. ಬಟ್ಟೆಗೆ ಹೊಟ್ಟೆ ತಾಗಿಸ್ಬಾರ್ದು" ಅಂದ.

ನಿಜ. ಅವನು ಆರು ವರ್ಷದವನಿದ್ದಾಗಿನಿಂದ ಬೈದಿದ್ದೇನೆ. ಒಗೆದ ಬಟ್ಟೆಯನ್ನು ಮೈಗೆ ಒತ್ತಿಕೊಂಡು ಮಡಚುವುದು ಕೊಳಕರ ಲಕ್ಷಣ ಎಂದು ಎಷ್ಟು ಸಲ ಕೈ ಮೇಲೆ ಹೊಡೆದಿಲ್ಲ. ಅವನಿಗಿರುವ ಎರಡನೆಯ ಕೈಯೇ ಅದು ಎಂದು ನನಗೆ ಹೊಳೆಯಲಿಲ್ಲ. ಹುಡುಗಿ ನನ್ನ ಕಡೆ ನೋಡುತ್ತ ಕೂತಳು. ಹೇಳಬೇಕಾದವಳು ನಾನು. "ಒತ್ತಿ ಹಿಡಿಯೋ, ನಾನೇನೂ ಅನ್ನಲ್ಲ" ಎಂದೆ. ಅವನು ನಂಬದೆ ಎರಡು ಸಲ ಕೇಳಿದ. ಆಮೇಲೆ ಆರೂ ಬೆಡ್‌ಶೀಟು ಮಡಚಿದ. ನನ್ನಷ್ಟು ಚೆನ್ನಾಗಿ ಅಲ್ಲ. ಟ್ರಾಲಿಗೆ ಸಾಕಾಗುವಷ್ಟು. ಹುಡುಗಿ ಪುಸ್ತಕದಲ್ಲಿ ನಾಲ್ಕನೆಯ ಹಂತ ಹೊಡೆದುಹಾಕಿ ಹೊಸದಾಗಿ ಬರೆದಳು. ಆಸ್ಪತ್ರೆಯಲ್ಲಿ ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ನಮ್ಮ ಮನೆಯಿಂದಲೇ ಸೂಪರ್‌ವೈಸರಿಗೆ ಫೋನ್ ಮಾಡಿದಳು. ದಿನಾ ಒಗೆದ ಏಪ್ರನ್ ಹಾಕಿಕೊಂಡರೆ ಅಡ್ಡಿಯಿಲ್ಲ ಅಂದನಂತೆ.

ಗುರುವಾರ ನಾನು ಆಸ್ಪತ್ರೆಯ ಗೇಟಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋಗಲಿಲ್ಲ. ಹುಡುಗಿ ವರಾಂಡದಲ್ಲಿ, ಮೇಷ್ಟ್ರು ಅವಳ ಹಿಂದೆ. ಬಿಸಿಲು ಬೆಂಚಿನ ಆ ತುದಿಯಿಂದ ಈ ತುದಿಗೆ ಬಂತು. ನಾಲ್ಕು ಗಂಟೆಗೆ ಚಿಕ್ಕವನು ಏಪ್ರನ್ನಿನಲ್ಲೇ ಹೊರಗೆ ಬಂದ. ನಾನು ಎದ್ದು ನಿಂತೆ. "ಅಮ್ಮಾ, ನೀ ಇನ್ನೂ ಇಲ್ಲೇ ಇದೀಯಾ? ಮನೆಗೆ ಹೋಗು. ನಂಗೆ ಇನ್ನೊಂದು ಟ್ರಾಲಿ ಇದೆ" ಎಂದು ಹೇಳಿ ಒಳಗೆ ಹೋದ. ಅವನ ಹಿಂದೆಯೇ ಸೂಪರ್‌ವೈಸರ್ ಬಂದು, ಒಂದನೇ ತಾರೀಖಿನಿಂದ ಖಾಯಂ ಎಂದ. ಹುಡುಗಿಯೂ ಪಾಸಾದಳು.

ಅಲ್ಲಿಂದ ನಡೆದುಕೊಂಡೇ ಮನೆಗೆ ಬಂದೆ. ಎಷ್ಟೋ ವರ್ಷದ ಮೇಲೆ ಕೈ ಬೀಸಿಕೊಂಡು ನಡೆದೆ. ನಾನು ಹೋದ ಮೇಲೆ ಇವನ ಗತಿಯೇನು ಎಂಬ ಯೋಚನೆ ದಾರಿಯುದ್ದಕ್ಕೂ ಬರಲೇ ಇಲ್ಲ. ಮನೆ ಬಾಗಿಲು ತೆಗೆಯುವಾಗ ಅದು ಬರಲಿಲ್ಲವೆಂದು ಗೊತ್ತಾಯಿತು. ಈಗ ಅವನ ಅಂಗಿಯ ಗುಂಡಿ ಅವನೇ ಹಾಕಿಕೊಳ್ಳುತ್ತಾನೆ. ಒಂದು ಮೇಲೆ ಒಂದು ಕೆಳಗೆ ಆಗಿರುತ್ತದೆ. ನಾನು ಕಿಟಕಿಯ ಕಡೆ ನೋಡುತ್ತೇನೆ.

ಇದನ್ನು ಓದಿ ನಗಬೇಡ. ನಕ್ಕರೂ ನನಗೆ ಬರೆಯಬೇಡ.

ನಿನ್ನ
ಅಮ್ಮ

ಮರೆತ ಮಾತು: ಏಳನೆಯ ತರಗತಿಯಲ್ಲಿ ನಿನಗೆ ಮೊದಲ ಬಹುಮಾನ ಬಂದ ಕಸೂತಿಯ ಮೇಜುಬಟ್ಟೆ ನನ್ನ ಪೆಟ್ಟಿಗೆಯಲ್ಲಿದೆ. ನೀನು ಶಾಲೆಗೆ ಹೋಗಿದ್ದಾಗ ಅದರ ನಾಲ್ಕು ಮೂಲೆಯ ಹೂಗಳನ್ನು ಬಿಚ್ಚಿ ನಾನೇ ಹೊಲಿದಿದ್ದೆ. ನಡುವಿನ ಹೂವಿಗೆ ಸಮಯ ಸಿಗಲಿಲ್ಲ. ಇವತ್ತು ಬೆಳಕಿನಲ್ಲಿ ಹರಡಿ ನೋಡಿದೆ. ಐದರಲ್ಲಿ ಚೆನ್ನಾಗಿರುವುದು ಅದೊಂದೇ.